ದೊಡ್ಡಪ್ಪನ ಕೊನೆಯ ಕಣಿವೆ

ನನ್ನ ದೊಡ್ಡಪ್ಪ ನಂಜುಂಡಪ್ಪನವರು ಕಾಡಿನ ಕಾದಂಬರಿಗಳನ್ನು ಬರೆಯುತ್ತಲೇ ಅರ್ಧ ಆಯುಸ್ಸು ಕಳೆದವರು. ಕಾಡನ್ನು ಮಾತ್ರ ಒಂದು ಸಲವೂ ಕಂಡವರಲ್ಲ. ಯಶವಂತಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವರದು. ಅದೇ ಪ್ರೆಸ್ಸಿನವರು ಹೊರತರುತ್ತಿದ್ದ ಅಗ್ಗದ ಪಾಕೆಟ್ ಕಾದಂಬರಿಗಳನ್ನು ಬೇರೆ ಹೆಸರಿನಲ್ಲಿ ಬರೆಯುತ್ತಿದ್ದರು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ದಾರಕ್ಕೆ ನೇತುಹಾಕಿ ಮಾರುತ್ತಿದ್ದ, ಬಾಡಿಗೆ ಲೈಬ್ರರಿಗಳಲ್ಲಿ ರಟ್ಟು ಹೊದಿಸಿ ಇಡುತ್ತಿದ್ದ ಪುಸ್ತಕಗಳು. ಒಂದರ ಮುಖಪುಟದಲ್ಲಿ ಬಾಯಿ ತೆರೆದ ಹಲ್ಲಿಯಂಥ ದೈತ್ಯ ಪ್ರಾಣಿ, ಇನ್ನೊಂದರಲ್ಲಿ ಮರಕ್ಕೆ ಕಟ್ಟಿಹಾಕಿದ ಹೆಂಗಸು, ಎಲ್ಲದರಲ್ಲೂ ಕಡುಹಸಿರು ಬಣ್ಣದ ಬಳ್ಳಿಗಳು. ಕಥೆಯೂ ಹೆಚ್ಚುಕಡಿಮೆ ಒಂದೇ ಜಾಡಿನದು. ಭೂಪಟದಲ್ಲಿಲ್ಲದ ಒಂದು ಕಣಿವೆ, ಹೊರಗಿನ ಲೋಕ ಮರೆತೇಬಿಟ್ಟ ಒಂದಿಷ್ಟು ಜನ, ಎಂದೋ ಸತ್ತು ಮುಗಿದಿರಬೇಕಾಗಿದ್ದ ಮೃಗಗಳು, ಅವನ್ನೆಲ್ಲ ಹುಡುಕಿಕೊಂಡು ಹೊರಡುವ ಕ್ಯಾಪ್ಟನ್ ಸೂರ್ಯಕಾಂತ ಎಂಬ ಮೀಸೆಯ ಮನುಷ್ಯ, ಅವನ ಬೆನ್ನಿಗೆ ಐದಾರು ಜನ. ಅಧ್ಯಾಯಕ್ಕೊಬ್ಬರಂತೆ ಆ ಐದಾರು ಜನ ಕಡಿಮೆಯಾಗುತ್ತ ಹೋಗುತ್ತಿದ್ದರು.

ದೊಡ್ಡಮ್ಮ ಸರೋಜಮ್ಮ ತೀರಿಕೊಂಡ ವರ್ಷ ಅವರು ಬಾಡಿಗೆ ಮನೆ ಬಿಟ್ಟು, ನಗರದಂಚಿನ ಹಳ್ಳಿ ಸಿಂಗಾಪುರದ ನಮ್ಮ ಮನೆಗೆ ಬಂದರು. ಅವರಿಗೆ ಮಕ್ಕಳಿರಲಿಲ್ಲ. ನಾನಾಗ ಆರನೇ ಕ್ಲಾಸು. ದೇವನಹಳ್ಳಿಯ ಕಡೆ ಹೊಸ ಏರ್‌ಪೋರ್ಟ್ ಶುರುವಾದ ಹೊಸತು. ವಿಮಾನಗಳು ನಮ್ಮ ತಲೆಯ ಮೇಲೆ ಹೊಟ್ಟೆ ತೋರಿಸಿಕೊಂಡು ಹೋಗುತ್ತಿದ್ದವು. ನಮ್ಮ ಕಡೆ ಹೊಲಗಳೆಲ್ಲ ಸೈಟುಗಳಾಗಿ ಕಲ್ಲು ನೆಟ್ಟುಕೊಂಡಿದ್ದವು. ನಮ್ಮದು ಮಾತ್ರ ಹಳೇ ಊರಿನ ಓಣಿ. ಮುಂದೆ ಜಗಲಿ, ಒಂದು ನಡುಮನೆ, ಹೊಗೆಗೆ ಕಪ್ಪಾದ ಅಡುಗೆಮನೆ, ಹಿತ್ತಲಲ್ಲಿ ತಗಡಿನ ಮಾಡಿನ ಒಂದು ಕೋಣೆ. ಅಪ್ಪ ಮುನಿರಾಜು ವಿದ್ಯಾರಣ್ಯಪುರದ ರಸ್ತೆಯಲ್ಲಿ ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಅವರ ಕಬ್ಬಿಣದ ತುಂಡುಗಳು ತುಂಬಿದ್ದ ಆ ಹಿತ್ತಿಲ ಕೋಣೆಯನ್ನು ಖಾಲಿ ಮಾಡಿ ದೊಡ್ಡಪ್ಪನಿಗೆ ಕೊಟ್ಟರು. ಎಷ್ಟು ತೊಳೆದರೂ ಅಲ್ಲಿ ತುಕ್ಕಿನ ವಾಸನೆ ಹೋಗಲಿಲ್ಲ. ಮಧ್ಯಾಹ್ನ ತಗಡು ಕಾದು ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಯಾರೋ ಮಾಡಿನ ಮೇಲೆ ನಿಧಾನವಾಗಿ ನಡೆದ ಹಾಗೆ.

ಆ ಕೋಣೆಯ ಕಿಟಕಿ ತೆರೆದರೆ ನಮ್ಮ ಹಿತ್ತಿಲ ಗೋಡೆ, ಗೋಡೆಯಾಚೆ ಬೀಳುಬಿದ್ದ ಜಾಗ, ಅದರಾಚೆ ಹಳೇ ಕಲ್ಲುಕ್ವಾರಿ. ನನ್ನ ತಾತ ಅಲ್ಲೇ ಕಲ್ಲು ಒಡೆಯುತ್ತಿದ್ದವರು, ಅಲ್ಲೇ ಬಂಡೆ ಜಾರಿ ಸತ್ತವರು. ಆಮೇಲೆ ಕೆಲಸ ನಿಂತು, ಗುಂಡಿಯಲ್ಲಿ ನೀರು ತುಂಬಿ, ಸುತ್ತ ಜಾಲಿ, ಲಂಟಾನ, ಹೊಂಗೆ ಒತ್ತಾಗಿ ಬೆಳೆದುಕೊಂಡಿದ್ದವು. ಆಳ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಈಜಲು ಇಳಿದವರು ಮೇಲೆ ಬಾರದ ಸುದ್ದಿ ಒಂದೆರಡು ವರ್ಷಕ್ಕೊಮ್ಮೆ ಓಣಿಗೆ ಬರುತ್ತಿತ್ತು. ಅಜ್ಜಿ ಅದರ ಹೆಸರನ್ನೂ ಎತ್ತುತ್ತಿರಲಿಲ್ಲ, 'ಆ ಗುಂಡಿ' ಅನ್ನುತ್ತಿದ್ದಳು. ದೊಡ್ಡಪ್ಪ ಬಂದ ವಾರಕ್ಕೇ ನನ್ನನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋದರು. ದಡದ ಮೇಲೆ ನಿಂತು, ಬೆರಳು ಚಾಚಿ ಒಂದೊಂದನ್ನೇ ತೋರಿಸಿದರು.

"ನೋಡು ಮಗಾ, ನನ್ ಕಾಡೆಲ್ಲಾ ಇದೇ. ಆಫ್ರಿಕಾನೂ ಇದೇ, ಅಮೆಜಾನೂ ಇದೇ. ಚಿಕ್ಕೋನಿದ್ದಾಗ ಇಲ್ಲಿ ಕೂತ್ಕೊಂಡು ನೋಡ್ತಿದ್ದೆ. ಜಾಲಿಮರಾನ ಹತ್ತರಷ್ಟು ಎತ್ತರ ಮಾಡ್ಕೊಂಡ್ರೆ ಆಯ್ತು."

ಎದುರು ದಡದಲ್ಲಿ ಒಂದು ದೊಡ್ಡ ಅತ್ತಿಮರ ಬಂಡೆಯನ್ನು ತಬ್ಬಿಕೊಂಡ ಹಾಗೆ ಬೇರು ಬಿಟ್ಟಿತ್ತು. ಅದರ ಹಿಂದೆ ಬಂಡೆ ಸೀಳಿ ಒಂದು ಕತ್ತಲ ಸಂದಿ ಇತ್ತು. ಅದರಲ್ಲಿ ಏನಿದೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, ಅದನ್ನು ಇನ್ನೂ ಬರೆದಿಲ್ಲ ಎಂದರು.

ಅವರ ಬಲಗೈ ನಡುಗಲು ಶುರುವಾಗಿತ್ತು. ಪೆನ್ನು ಹಿಡಿದರೆ ಅಕ್ಷರ ಸಾಲು ಬಿಟ್ಟು ಕೆಳಗೆ ಜಾರುತ್ತಿತ್ತು. ಇನ್ನೊಂದೇ ಒಂದು ಕಾದಂಬರಿ ಬಾಕಿ ಇದೆ, ಅದನ್ನು ಮುಗಿಸಬೇಕು ಎಂದು ಅಪ್ಪನ ಹತ್ತಿರ ಹೇಳಿಕೊಂಡರು. ಅಪ್ಪನಿಗೆ ಅಣ್ಣನೆಂದರೆ ಅಭಿಮಾನ. ಓದು ಹತ್ತದ ಅಪ್ಪ ಓದಿದ ಪುಸ್ತಕಗಳೆಂದರೆ ಅಣ್ಣ ಬರೆದವು ಮಾತ್ರ. ನನ್ನ ಅಕ್ಷರ ದುಂಡಗಿದೆ ಎಂದು ಅವರೇ ನನ್ನನ್ನು ಆ ಕೆಲಸಕ್ಕೆ ಒಪ್ಪಿಸಿದರು. ಸ್ಕೂಲಿನಿಂದ ಬಂದು, ಕಾಫಿ ಕುಡಿದು, ಎರಡು ಗೆರೆಯ ನೋಟ್‌ಬುಕ್ ಹಿಡಿದು ನಾನು ಹಿತ್ತಿಲ ಕೋಣೆಯ ಹೊಸ್ತಿಲ ಮೇಲೆ ಕೂರುತ್ತಿದ್ದೆ. ದೊಡ್ಡಪ್ಪ ಮಡಚುವ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಮಾತನಾಡುವಾಗ ಅವರದು ನಮ್ಮದೇ ಸಿಂಗಾಪುರದ ಭಾಷೆ. ಕಥೆ ಹೇಳುವಾಗ ಮಾತ್ರ ಬೇರೆಯೇ ಯಾರೋ ಬಂದು ಕೂತಂತಿರುತ್ತಿತ್ತು. 'ಮುನ್ನೂರು ಅಡಿ ಆಳದ ಆ ಕಣಿವೆಯೊಳಗೆ ಸೂರ್ಯನ ಕಿರಣಗಳು ತಲುಪುವಷ್ಟರಲ್ಲಿ ದಣಿದುಹೋಗಿದ್ದವು.' ಆ ವಾಕ್ಯ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ. ಅದನ್ನು ಬರೆದ ದಿನ ನಾನು ಸಂಜೆಯಿಡೀ ಒಬ್ಬಳೇ ಬಚ್ಚಲಿಗೂ ಹೋಗಿರಲಿಲ್ಲ.

ಮೊದಲ ಅಧ್ಯಾಯಗಳಲ್ಲಿ ಹೆಸರುಗಳೆಲ್ಲ ಕಾದಂಬರಿಗೆ ತಕ್ಕವೇ ಇದ್ದವು. ಆಮೇಲೆ ದೊಡ್ಡಪ್ಪನಿಗೆ ತಾವೇ ಇಟ್ಟ ಹೆಸರುಗಳು ನೆನಪಿಗೆ ಬಾರದಾದವು. ತಂಡದಲ್ಲಿದ್ದ ಬಲಶಾಲಿಯ ಹೆಸರೇನು ಎಂದು ನನ್ನನ್ನೇ ಕೇಳುವರು, ನಾನು ಪುಟ ತಿರುಗಿಸಿ ಹೇಳುವಷ್ಟರಲ್ಲಿ ತಾಳ್ಮೆಗೆಟ್ಟು, ಮುನಿರಾಜು ಅಂತ ಬರಿ ಅನ್ನುವರು. ಹಾಗೆ ಅಪ್ಪ ಕಣಿವೆಗೆ ಇಳಿದರು. ದಾರಿ ಬಲ್ಲ ಮುದುಕಿಗೆ ಅಜ್ಜಿಯ ಹೆಸರು ಬಂತು. ಅಡುಗೆಯವಳು ಅಮ್ಮನಾದಳು, ರತ್ನ. ಮನೆಯಲ್ಲೂ ಅವರು ಎಡವತೊಡಗಿದ್ದರು. ಮುದ್ದೆ ಉಂಡು ಕೈತೊಳೆದು ಐದು ನಿಮಿಷಕ್ಕೆ ಮತ್ತೆ ತಟ್ಟೆಯ ಮುಂದೆ ಬಂದು ಕೂರುವರು. ಒಮ್ಮೆ ಅಮ್ಮನನ್ನು ಸರೋಜಾ ಎಂದು ಕರೆದು, ತಪ್ಪು ಗೊತ್ತಾಗಿ, ಇಡೀ ದಿನ ಕೋಣೆ ಬಿಟ್ಟು ಬರಲಿಲ್ಲ. ದುಃಖ, ಒಂದು ವರ್ಷ ಕಳೆದರೆ ಸರಿಹೋಗ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತ, ಮಗ ಹಿತ್ತಲ ಕಡೆ ನಡೆದಾಗಲೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದಳು.

ಐದನೇ ಅಧ್ಯಾಯದಲ್ಲಿ ಮುನಿರಾಜು ಎಂಬ ಬಲಶಾಲಿ ಬಿಳಿಹೂಗಳ ಬಯಲು ದಾಟುವಾಗ ಹೂವಿನ ಹೊಳಪಿಗೆ ಕಣ್ಣು ಕಳೆದುಕೊಂಡ. ಉಳಿದವರು ಅವನನ್ನು ಒಂದು ಮರದ ಕೆಳಗೆ ಕೂರಿಸಿ ಮುಂದೆ ಹೋದರು. ಅದನ್ನು ಬರೆದು ಹತ್ತು ದಿನವೂ ಆಗಿರಲಿಲ್ಲ; ಅಪ್ಪನನ್ನು ಅಂಗಡಿಯ ಪಕ್ಕದ ಗುಜರಿ ಅಂಗಡಿಯ ನಯಾಜ್ ಅಂಕಲ್ ಕೈಹಿಡಿದು ನಡೆಸಿಕೊಂಡು ಬಂದರು. ಅಪ್ಪನ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಶೀಲ್ಡ್ ಹಿಡಿಯದೆ ವೆಲ್ಡಿಂಗ್ ಮಾಡಿದ್ದರಂತೆ, ಬೆಳಕು ಹೊಡೆದಿತ್ತು. ವೆಲ್ಡಿಂಗ್ ಕೆಲಸದವರಿಗೆ ಇದು ಹೊಸತಲ್ಲ. ಅಮ್ಮ ಆಲೂಗಡ್ಡೆ ಬಿಲ್ಲೆ ಹೆಚ್ಚಿ ರೆಪ್ಪೆಯ ಮೇಲಿಟ್ಟಳು, ಮೂರನೇ ದಿನಕ್ಕೆ ಅಪ್ಪ ಅಂಗಡಿಗೆ ಹೋದರು. ಆದರೆ ಆ ಎರಡು ದಿನ ಅಪ್ಪ ಗೋಡೆ ಸವರಿಕೊಂಡು ನಡೆಯುವುದನ್ನು ನೋಡಿ ನಾನು ಐದನೇ ಅಧ್ಯಾಯವನ್ನು ಮತ್ತೆ ಮತ್ತೆ ತೆರೆದು ಓದಿದೆ. ಅದರ ಹಿಂದೆಯೇ ಕಾದಂಬರಿಯ ಮುದುಕಿ ವಿಷದ ಸೊಳ್ಳೆ ಕಚ್ಚಿ ಕೀಲುಕೀಲೂ ಕಲ್ಲಾಗಿ ಬಿದ್ದಳು. ಆ ಮಳೆಗಾಲ ಊರಿಗೆಲ್ಲ ಚಿಕುನ್‌ಗುನ್ಯಾ, ಅಜ್ಜಿಯೂ ಮಲಗಿದಳು. ಎಬ್ಬಿಸಿ ಕೂರಿಸಲು ಇಬ್ಬರು ಬೇಕಾಯಿತು. ಓಣಿಯಲ್ಲಿ ಮನೆಗೊಬ್ಬರು ಹಾಗೆ ಮಲಗಿದ್ದರು, ದೊಡ್ಡಪ್ಪ ಅದನ್ನು ನೋಡಿಯೇ ಬರೆಸಿರಬೇಕು ಎಂದು ಈಗ ತಿಳಿಯುತ್ತದೆ. ಹನ್ನೊಂದು ವರ್ಷದ ನನಗೆ ತಿಳಿದದ್ದು ಒಂದೇ. ನಾನು ಬರೆದರೆ ಆಗುತ್ತದೆ. ಇನ್ನು ಉಳಿದಿದ್ದವಳು ಅಮ್ಮ.

ಅಮ್ಮನಿಗೆ ಈ ಬರವಣಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಅಪ್ಪನ ಜೊತೆ ದನಿ ತಗ್ಗಿಸಿ ಜಗಳವಾಡಿದ್ದು ನನಗೆ ಕೇಳಿಸಿತ್ತು.

"ಮಗು ಊಟ ಮಾಡ್ತಿಲ್ಲ, ನೋಡಿದ್ರಾ? ಭಾವಂಗೆ ಏನಾದ್ರೂ ಅನ್ನೋಕೆ ನಂಗೂ ಬಾಯಿ ಬರಲ್ಲ. ನೀವಾದ್ರೂ ಹೇಳಿ, ಸಾಕು ಅಂತ."

"ಅವನಿಗಿರೋದು ಅದೊಂದೇ ಕಣೆ. ಅದನ್ನೂ ಕಿತ್ಕೊಂಡ್ರೆ ಏನ್ ಮಾಡ್ತಾನೆ ಅವ್ನು?"

ಬಾಣಲೆಯಲ್ಲಿ ಸಾಸಿವೆ ಸಿಡಿದದ್ದಷ್ಟೇ ಕೇಳಿಸಿತು.

ಏಳನೇ ಅಧ್ಯಾಯ ಹೇಳಿದ ಸಂಜೆ ಮೋಡ ಕವಿದಿತ್ತು. ರತ್ನ ಕೊಡ ಹಿಡಿದು ಕಪ್ಪು ಕೊಳಕ್ಕೆ ಇಳಿಯುತ್ತಾಳೆ, ಬಗ್ಗಿ ನೋಡಿದರೆ ನೀರಿನಲ್ಲಿ ಅವಳ ಬಿಂಬ ಇಲ್ಲ, ಅದನ್ನು ಹುಡುಕಲು ಇನ್ನಷ್ಟು ಬಗ್ಗುತ್ತಾಳೆ. ಅಷ್ಟು ಕೇಳಿಸಿಕೊಂಡದ್ದು ನೆನಪಿದೆ. ಆಮೇಲೆ ದೊಡ್ಡಪ್ಪ ಹೇಳಿದ್ದನ್ನು ನಾನು ಬರೆಯಲಿಲ್ಲ. ಅವರ ಕಣ್ಣು ಮುಚ್ಚಿತ್ತು, ನನ್ನ ಪೆನ್ನು ಓಡುವ ಸದ್ದು ಅವರಿಗೆ ಕೇಳಿಸುತ್ತಿತ್ತು, ಅಷ್ಟು ಸಾಕಿತ್ತು. ರತ್ನ ಬೀಳಲಿಲ್ಲ ಎಂದು ಬರೆದೆ. ಕೊಡವನ್ನು ಅಲ್ಲೇ ಇಟ್ಟು ದಡ ಬಳಸಿಕೊಂಡು ಹೋದಳು, ಅಲ್ಲೊಂದು ಅತ್ತಿಮರ ಇತ್ತು, ಅದರ ಹಿಂದೆ ಬಂಡೆ ಸೀಳಿದ ಸಂದಿ ಇತ್ತು, ಓರೆಯಾಗಿ ನಡೆದು ಒಳಗೆ ಹೋದರೆ ಆಚೆ ಒಂದು ಮನೆಯ ಅಂಗಳ. ಕಣಿವೆಯಲ್ಲಿ ಕಳೆದುಹೋದವರೆಲ್ಲ ಅಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದರು. ಮುನಿರಾಜುವಿಗೆ ಕಣ್ಣು ಬಂದಿತ್ತು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವರು ಸರೋಜಮ್ಮ. ದೊಡ್ಡಮ್ಮನ ಹೆಸರು ಯಾಕೆ ಬರೆದೆ ಎಂದು ಕೇಳಿದರೆ, ದೊಡ್ಡಪ್ಪ ಹೇಳಿದ್ದನ್ನು ಬರೆಯದೆ ಬಿಟ್ಟ ತಪ್ಪಿಗೆ ಅವರಿಗೂ ಏನಾದರೂ ಕೊಡಬೇಕು ಅನ್ನಿಸಿತ್ತು, ಅಷ್ಟೇ. 'ಬಾ ರತ್ನ, ಕೂತ್ಕೋ, ಅವರು ಇನ್ನೂ ಬರಲಿಲ್ವಾ' ಎಂದು ಸರೋಜಮ್ಮ ಕೇಳಿದರು ಎಂದು ಬರೆದು ಪುಟ ಮುಗಿಸಿದೆ.

ಹಿಂದಿನ ದಿನದ್ದನ್ನು ಓದಿ ಹೇಳಿದ ಮೇಲೆಯೇ ಮುಂದಿನದು ಶುರುವಾಗುವುದು ನಮ್ಮ ಪದ್ಧತಿ. ಮಾರನೆಯ ದಿನ ಓದಿದೆ. ದೊಡ್ಡಪ್ಪ ಅರ್ಧದಲ್ಲೇ ಕಣ್ಣು ತೆರೆದರು.

"ಇದು ನಾನ್ ಹೇಳಿದ್ನಾ?"

"ಹೂಂ ದೊಡ್ಡಪ್ಪ. ನೀವೇ ಹೇಳಿದ್ದು."

"ಸರೋಜಾ ಅಂತ ಹೇಳಿದ್ನಾ?"

"ಹೇಳಿದ್ರಿ."

"ಇನ್ನೊಂದ್ ಸಲ ಓದು."

ಮೂರು ಸಲ ಓದಿಸಿದರು. ಆಮೇಲೆ ಕುರ್ಚಿಯಿಂದ ಎದ್ದು, ಕಿಟಕಿಯ ಹತ್ತಿರ ನಿಂತು, ಇನ್ನು ಬರೆಯೋದೇನೂ ಇಲ್ಲ, ಮುಗೀತು ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಮ್ಮ ಉಳಿದಳು, ಕಾದಂಬರಿಯೂ ಮುಗಿಯಿತು. ನೋಟ್‌ಬುಕ್ಕನ್ನು ಅವರ ಟ್ರಂಕಿನ ಮೇಲಿಟ್ಟು ಆಟಕ್ಕೆ ಓಡಿದೆ.

ಅದಾದ ಮೇಲೆ ದೊಡ್ಡಪ್ಪ ಗೆಲುವಾದರು. ದಿನಾ ಗಡ್ಡ ಕೆರೆದುಕೊಂಡರು. ತಟ್ಟೆಯ ಮುಂದೆ ಎರಡನೇ ಸಲ ಬಂದು ಕೂರುವುದು ನಿಂತಿತು. ಎಷ್ಟು ಹೊತ್ತಾದರೂ ಹಿತ್ತಿಲ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ಅಮ್ಮನನ್ನು ಕರೆದು, ಸರೋಜಮ್ಮನ ಸೀರೆಗಳಲ್ಲಿ ಯಾವುದಾದರೂ ಉಳಿದಿದೆಯಾ ಎಂದು ಕೇಳಿದರು. ಅಪ್ಪ ಸಂತೋಷದಿಂದ, ನಾನ್ ಹೇಳಿರ್ಲಿಲ್ವಾ ಎಂಬಂತೆ ಅಮ್ಮನ ಮುಖ ನೋಡಿದರು. ಕಾಯಿಲೆಯಿಂದ ಇನ್ನೂ ಪೂರ್ತಿ ಏಳದಿದ್ದ ಅಜ್ಜಿ ಮಾತ್ರ ನನ್ನನ್ನು ಹತ್ತಿರ ಕರೆದಳು.

"ನಂಜ ಯಾಕೆ ಇಂಗೆ ನಗ್ತಾನೆ? ಏನ್ ಏಳ್ಕೊಟ್ಟೆ ಅವ್ನಿಗೆ?"

"ಏನಿಲ್ಲಜ್ಜಿ."

ಅಜ್ಜಿ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ನಾನು ಕಣ್ಣು ತಪ್ಪಿಸಿದೆ.

ಪಿತೃಪಕ್ಷದ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ನಡುಮನೆಯ ಗೋಡೆಯ ಬದಿಗೆ ಕಳಸ ಇಟ್ಟು, ಹೋದವರಿಗೆಂದು ತಂದ ಹೊಸ ಬಟ್ಟೆ ಜೋಡಿಸಿ, ಅದರ ಮುಂದೆ ಬಾಳೆಯೆಲೆಗಳಲ್ಲಿ ಎಡೆ ಇಡುವುದು. ಅಮ್ಮ ಬೆಳಗಿನಿಂದ ಮಡಿಯಲ್ಲಿ ಕಜ್ಜಾಯ, ವಡೆ, ಪಾಯಸ, ಕಾಳಿನ ಸಾರು ಮಾಡಿದ್ದಳು. ತಾತನಿಗೊಂದು ಎಲೆ, ತಾತನ ತಂದೆತಾಯಿಗೆ ಎರಡು, ದೊಡ್ಡಮ್ಮನಿಗೊಂದು. ದೊಡ್ಡಮ್ಮನ ಎಲೆಯ ಹಿಂದೆ ಹಸಿರು ಅಂಚಿನ ಒಂದು ಸೀರೆ. ದೊಡ್ಡಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಇದನ್ನೆಲ್ಲ ನೋಡುತ್ತ ನಿಂತಿದ್ದರು.

"ಇದನ್ಯಾಕೆ ಇಲ್ಲಿಟ್ಟೆ, ರತ್ನ? ಅವ್ಳು ಇಲ್ಲಿಲ್ವಲ್ಲ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ದುಃಖದ ಮಾತು ಎಂದು ಎಲ್ಲರೂ ಅಂದುಕೊಂಡರು. ನನಗೊಬ್ಬಳಿಗೇ ಏಳನೇ ಅಧ್ಯಾಯದ ಅಂಗಳ ನೆನಪಾಯಿತು.

ಎಡೆ ಇಟ್ಟು ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಯಾರೂ ಒಳಗಿರಬಾರದು. ಅಜ್ಜಿಯನ್ನು ಅಪ್ಪ ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರಿಸಿದರು. ನಡುಮಧ್ಯಾಹ್ನದ ಬಿಸಿಲು. ಒಂದು ವಿಮಾನ ಹೋಯಿತು. ಓಣಿಯಲ್ಲಿ ಇನ್ನೆರಡು ಮನೆಗಳವರೂ ಹೀಗೇ ತಮ್ಮ ಮುಚ್ಚಿದ ಬಾಗಿಲಿನ ಮುಂದೆ ಮಾತಿಲ್ಲದೆ ನಿಂತಿದ್ದರು. ದೊಡ್ಡಪ್ಪ ಎಲ್ಲಿ ಎಂದು ಅಮ್ಮ ಕೇಳಿದಳು. ಹಿತ್ತಲಲ್ಲಿ ಕೈಕಾಲು ತೊಳೀತಿರ್ಬೇಕು ಎಂದರು ಅಪ್ಪ. ಒಳಗೆ ಪಾತ್ರೆಯೊಂದು ಸಣ್ಣಗೆ ಸದ್ದು ಮಾಡಿದ ಹಾಗಾಯಿತು. ಅಜ್ಜಿ ಕೈಮುಗಿದಳು. ಅಪ್ಪ ಮೂರು ಸಲ ಬಾಗಿಲು ತಟ್ಟಿ ತೆರೆದರು.

ಮೂರು ಎಲೆಗಳು ಇಟ್ಟಂತೆಯೇ ಇದ್ದವು. ನಾಲ್ಕನೆಯದು ಇರಲಿಲ್ಲ. ಎಲೆ ಹಾಸಿದ್ದ ಜಾಗದಲ್ಲಿ ನೀರಿನ ಗುರುತು ಮಾತ್ರ ಉಳಿದಿತ್ತು. ಹಸಿರು ಅಂಚಿನ ಸೀರೆಯೂ ಇರಲಿಲ್ಲ. ದೀಪ ಅಲುಗದೆ ಉರಿಯುತ್ತಿತ್ತು.

"ಸರೋಜಿ ಬಂದಿದ್ಲು" ಎಂದಳು ಅಜ್ಜಿ, ಬಾಗಿಲಿನಿಂದಲೇ.

ಅಪ್ಪ ಒಂದು ಕ್ಷಣ ನಿಂತವರು, ಏನೋ ಹೊಳೆದಂತೆ ಅಡುಗೆಮನೆ ದಾಟಿ ಹಿತ್ತಲಿಗೆ ಓಡಿದರು. ಹಿಂಬಾಗಿಲು ತೆರೆದಿತ್ತು. ಹಿತ್ತಿಲ ಕೋಣೆ ಖಾಲಿ. ಗೋಡೆಯ ಪಕ್ಕ ಮಡಚುವ ಕುರ್ಚಿಯನ್ನು ಹತ್ತಲು ಅನುಕೂಲವಾಗುವಂತೆ ಇಟ್ಟಿತ್ತು, ಗೋಡೆಯ ಮೇಲೆ ಒಂದಿಷ್ಟು ಪಾಯಸ ಚೆಲ್ಲಿತ್ತು.

ಅಪ್ಪ ನಯಾಜ್ ಅಂಕಲ್‌ಗೆ ಫೋನ್ ಮಾಡಿದರು. ಓಣಿಯ ನಾಲ್ಕೈದು ಗಂಡಸರು ಊಟ ಬಿಟ್ಟು ಬಂದರು. ಎಲ್ಲರೂ ನೇರವಾಗಿ ನಡೆದದ್ದು ಕ್ವಾರಿಯ ನೀರಿನ ಹತ್ತಿರಕ್ಕೆ. ಬಾವಿಗೆ ಬಿದ್ದ ಕೊಡ ತೆಗೆಯಲೆಂದು ಅಪ್ಪ ತಾವೇ ಮಾಡಿಟ್ಟಿದ್ದ ಕೊಕ್ಕೆಗೆ ಹಗ್ಗ ಕಟ್ಟಿ ಗುಂಡಿಗೆ ಇಳಿಬಿಟ್ಟರು. ನಾನು ಅಮ್ಮನ ಕೈ ಬಿಡಿಸಿಕೊಂಡು ದಡಕ್ಕೆ ಬಂದಿದ್ದೆ. ಹಗ್ಗ ಇಳಿಯುತ್ತಲೇ ಇತ್ತು, ತಳ ಸಿಗಲಿಲ್ಲ. ಕೊಕ್ಕೆ ಏನಕ್ಕೋ ಸಿಕ್ಕಿಕೊಂಡಿತು. ಎಲ್ಲರೂ ಸೇರಿ ಎಳೆದರು, ಅಪ್ಪನ ಬಾಯಿ ಅರ್ಧ ತೆರೆದಿತ್ತು. ಮೇಲೆ ಬಂದದ್ದು ಕೊಳೆತ ಒಂದು ಜಾಲಿಕೊಂಬೆ. ಅಪ್ಪ ಕೊಂಬೆ ಬಿಡಿಸಿ ಎಸೆದು, ಮತ್ತೆ ಹಗ್ಗ ಸುತ್ತಿಕೊಂಡರು. ಅವರು ಕೊಕ್ಕೆಯನ್ನು ಎರಡನೇ ಸಲ ಎಸೆಯುವುದನ್ನು ನನಗೆ ನೋಡಲಾಗಲಿಲ್ಲ.

"ನೀರಲ್ಲಿಲ್ಲ ಅಪ್ಪ. ಆಚೆ ಕಡೆ, ಅತ್ತಿಮರದ ಹಿಂದೆ ಹೋಗಿದಾರೆ."

"ನಿಂಗೆ ಹೆಂಗ್ ಗೊತ್ತು? ನೋಡಿದ್ಯಾ?"

"ನಾನು ಬರ್ದಿದ್ದೆ."

ಅಪ್ಪನಿಗೆ ಅರ್ಥವಾಗಲಿಲ್ಲ. ಅಳುತ್ತ, ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಗಂಡಸರೆಲ್ಲ ಕೇಳುತ್ತ ನಿಂತಿದ್ದರು. ದೊಡ್ಡಪ್ಪನ ಪುಸ್ತಕಗಳನ್ನು ಗುಜರಿಗೆ ಬಂದ ಕಟ್ಟುಗಳಿಂದ ಎತ್ತಿಟ್ಟುಕೊಂಡು ಓದುತ್ತಿದ್ದ ನಯಾಜ್ ಅಂಕಲ್ ಮೊದಲು ತಿಳಿದುಕೊಂಡರು. ಲುಂಗಿ ಎತ್ತಿ ಕಟ್ಟಿ, ದಡ ಬಳಸಿಕೊಂಡು ಮುಳ್ಳಿನೊಳಗೆ ನುಗ್ಗಿದರು. ಅಪ್ಪ ಅವರ ಹಿಂದೆ.

ದೊಡ್ಡಪ್ಪ ಸಂದಿಯೊಳಗೆ, ನೀರಿನ ಮೇಲೆ ಚಾಚಿಕೊಂಡ ಒಂದು ಕಲ್ಲಿನ ಮೇಲೆ ಕೂತಿದ್ದರಂತೆ. ಜಾರಿ ಬಿದ್ದು ಸೊಂಟದ ಕೆಳಗೆ ಮೂಳೆ ಮುರಿದಿತ್ತು. ಕಾಲು ವಿಚಿತ್ರವಾಗಿ ಹೊರಳಿಕೊಂಡಿತ್ತು. ಅಂಥ ನೋವಿನಲ್ಲೂ ಅವರು ಕಲ್ಲಿನ ಮೇಲೆ ಸೀರೆ ಹಾಸಿ, ಅದರ ಮುಂದೆ ಎಲೆ ಬಿಡಿಸಿಟ್ಟಿದ್ದರು. ಅನ್ನಕ್ಕೆ ಇರುವೆ ಮುತ್ತಿತ್ತು. ಅಪ್ಪ 'ಅಣ್ಣ' ಎಂದು ಕೂಗಿಕೊಂಡು ಹತ್ತಿರ ಹೋದಾಗ ದೊಡ್ಡಪ್ಪ ತುಟಿಗೆ ಬೆರಳಿಟ್ಟರಂತೆ.

"ಮಾತಾಡ್ಬೇಡ. ಊಟ ಮಾಡ್ತಿದ್ದಾಳೆ."

ಅಪ್ಪ ಇದನ್ನು ನಮಗೆ ಹೇಳಿದ್ದು ಒಂದೇ ಸಲ.

ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದ ಮೂರು ವಾರ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ನೋಟ್‌ಬುಕ್ ತೆಗೆದು ಏಳನೇ ಅಧ್ಯಾಯವನ್ನು ನಿಂತಲ್ಲೇ ಓದಿದಳು. ಓದಿ ಮುಗಿಸಿ, ಅಡುಗೆಮನೆಗೆ ಬಂದು, ನನ್ನ ತಟ್ಟೆಗೆ ಬಿಸಿ ಮುದ್ದೆ ಇಟ್ಟು, ಪಕ್ಕದಲ್ಲೇ ಕೂತಳು.

"ನನ್ನ ಉಳಿಸ್ಕೊಳ್ಳೋಕೆ ಬರ್ದ್ಯಾ?"

ತಲೆಯಾಡಿಸಿದೆ. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ. ಆ ಕೈ ಭಾರವಾಗಿತ್ತು. ಈಗ ನಾನು ಬೇರೆಯವರು ಬರೆದ ಪುಸ್ತಕಗಳನ್ನು ತಿದ್ದಿ ಬದುಕುತ್ತೇನೆ, ದೊಡ್ಡಪ್ಪನ ಹಾಗೆಯೇ. ಕಾಗುಣಿತ ಸರಿಮಾಡುತ್ತೇನೆ, ಹೆಚ್ಚಿನ ಮಾತು ತೆಗೆಯುತ್ತೇನೆ. ನನ್ನದೊಂದು ವಾಕ್ಯ ಸೇರಿಸು ಎಂದರೆ ಮಾತ್ರ ಪೆನ್ನು ನಿಲ್ಲುತ್ತದೆ.

ದೊಡ್ಡಪ್ಪ ಮನೆಗೆ ಬಂದ ಮೇಲೆ ಶುರುವಾದದ್ದು ಇನ್ನೊಂದು ಕಷ್ಟ. ಮೂಳೆಗೆ ರಾಡ್ ಹಾಕಿದ್ದರು, ನಾಲ್ಕು ಕಾಲಿನ ವಾಕರ್ ಇಲ್ಲದೆ ಹೆಜ್ಜೆ ಕೀಳಬಾರದಿತ್ತು. ಅವರು ತೆವಳಿಕೊಂಡು ಹೊರಟರು. ಮೊದಲ ಸಲ ಹಿತ್ತಿಲ ಗೋಡೆಯ ಬುಡದಲ್ಲಿ ಸಿಕ್ಕರು. ಎರಡನೇ ಸಲ ಓಣಿಯ ಕೊನೆಯವರೆಗೂ ಹೋಗಿದ್ದರು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ಅವಳು ಕಾಯ್ತಿದ್ದಾಳೆ, ಬಿಡ್ರೋ ಎಂದು ಅಪ್ಪನ ಕಾಲು ಹಿಡಿದರು. ಆ ಭಾನುವಾರ ಅಪ್ಪ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಒಬ್ಬರೇ ಕೂತು ಒಂದು ಗ್ರಿಲ್ ಬಾಗಿಲು ಮಾಡಿದರು. ಸಂಜೆ ತಂದು ಹಿತ್ತಿಲ ಕೋಣೆಗೆ ಕೂರಿಸಿದರು. ಬೀಗ ಹಾಕಿ, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ನಲ್ಲಿಯ ಸದ್ದಿನಲ್ಲಿ ಅವರ ಅಳು ಮುಚ್ಚಿಹೋಗಲಿಲ್ಲ.

ದೊಡ್ಡಪ್ಪ ಸರಳುಗಳನ್ನು ಹಿಡಿದು ದಿನವಿಡೀ ಅಲುಗಾಡಿಸುತ್ತಿದ್ದರು. ನಾನು ಸ್ಕೂಲಿನಿಂದ ಬಂದರೆ ಆ ಸದ್ದು ಓಣಿಯ ತಿರುವಿಗೇ ಕೇಳಿಸುತ್ತಿತ್ತು. ನಾನು ಓದಿದರೆ ಮಾತ್ರ ನಿಲ್ಲಿಸುತ್ತಿದ್ದರು. ಏಳನೇ ಅಧ್ಯಾಯ, ಪ್ರತಿದಿನ, ಅದೇ ಏಳನೇ ಅಧ್ಯಾಯ. ಅದನ್ನು ಕೇಳುತ್ತ ಒಂದು ತುತ್ತು ಉಣ್ಣುವರು, ಮುಗಿದ ಕೂಡಲೇ ಮತ್ತೆ ಸರಳು ಹಿಡಿಯುವರು. ಅಮ್ಮ ಆ ನೋಟ್‌ಬುಕ್ಕನ್ನು ಒಲೆಗೆ ಹಾಕಬೇಕೆಂದಳು. ಮೊದಲ ಸಲ ಅಜ್ಜಿ ಸೊಸೆಯ ಮೇಲೆ ದನಿ ಎತ್ತರಿಸಿದ್ದು ಆಗಲೇ.

"ಅದ್ನೂ ಸುಟ್ಬುಟ್ರೆ ನನ್ ಮಗ ಏನ್ ತಿಂದ್ಕೊಂಡ್ ಬದುಕ್ತಾನೆ? ಓದ್ಲಿ ಬುಡು."

"ಅತ್ತೆ, ಅದನ್ನ ಕೇಳಿಸ್ಕೊಂಡೇ ಅಲ್ವಾ ಅವ್ರು ಹೊರಡೋದು?"

ಇಬ್ಬರೂ ನನ್ನ ಕಡೆ ನೋಡಿದರು. ನಿಜ ಹೇಳಿಬಿಡಬೇಕು ಎಂದು ನಾನು ತೀರ್ಮಾನಿಸಿದೆ. ಮಾರನೆಯ ದಿನ ಗ್ರಿಲ್ಲಿನ ಮುಂದೆ ಕೂತು ನೋಟ್‌ಬುಕ್ ಮುಚ್ಚಿದೆ.

"ದೊಡ್ಡಪ್ಪ, ಅವತ್ತು ನಾನು ಸುಳ್ಳು ಹೇಳಿದ್ದೆ. ಇದು ನೀವು ಹೇಳಿದ್ದಲ್ಲ, ನಾನೇ ಬರ್ದಿದ್ದು. ಅಲ್ಲಿ ಯಾರೂ ಇಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. ಸರಳುಗಳ ನಡುವಿನಿಂದ ಕೈಚಾಚಿ ನನ್ನ ಜಡೆ ಸರಿಮಾಡಿದರು.

"ನೀನ್ ಬರ್ದೆ, ಸರಿ. ನಾನ್ ನೋಡ್ದೆ ಮಗಾ."

ನಿಜಕ್ಕೆ ಅವರಲ್ಲಿ ಜಾಗವಿರಲಿಲ್ಲ. ನನಗೆ ಉಳಿದದ್ದು ಪೆನ್ನು. ಎರಡು ದಿನ ಸ್ಕೂಲಿನಲ್ಲಿ ಪಾಠ ಕೇಳಲಿಲ್ಲ, ಕೊನೆಯ ಬೆಂಚಿನಲ್ಲಿ ಕೂತು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ದೊಡ್ಡಪ್ಪ ಹೇಳಿಸುತ್ತಿದ್ದ ಹಾಗೆಯೇ ಬರೆಯಲು ನೋಡಿದೆ. ಎಂಟನೇ ಅಧ್ಯಾಯ. ಒಂದು ಮಧ್ಯಾಹ್ನ ಕಣಿವೆ ನಡುಗಿತು. ಅತ್ತಿಮರ ಬುಡಸಮೇತ ಬಾಗಿತು. ಬಂಡೆಯ ಎರಡು ಹೋಳುಗಳು ಹತ್ತಿರ ಹತ್ತಿರ ಸರಿದು, ಒಂದಕ್ಕೊಂದು ಕೂಡಿಕೊಂಡವು. ಕೂದಲೆಳೆಯಷ್ಟೂ ಜಾಗ ಉಳಿಯಲಿಲ್ಲ. ಆ ದಿನ ಸಂಜೆ ಏಳನೆಯದನ್ನು ಓದಿ ಮುಗಿಸಿ, ನಿಲ್ಲಿಸದೆ, ಎಂಟನೆಯದನ್ನೂ ಓದಿದೆ. ಅಜ್ಜಿ ಹಿಂಬಾಗಿಲಿನ ಹತ್ತಿರ ಗೋಡೆಗೊರಗಿ ಕೂತಿದ್ದಳು. ದೊಡ್ಡಪ್ಪನ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು.

"ಮುಚ್ಚೋಯ್ತಾ?"

"ಹೂಂ."

"ಸರೋಜಾ ಏನೂ ಹೇಳ್ಲಿಲ್ವಾ?"

ಅದನ್ನು ನಾನು ಬರೆದಿರಲಿಲ್ಲ. ಅವರು ಕೇಳಬಹುದು ಎಂದು ಹೊಳೆದೇ ಇರಲಿಲ್ಲ. ಪುಟದ ಉಳಿದ ಅರ್ಧ ಖಾಲಿ ಇತ್ತು. ಆ ಖಾಲಿ ಜಾಗದ ಮೇಲೆ ಕಣ್ಣಿಟ್ಟು, ಓದುವವಳ ಹಾಗೆಯೇ ಹೇಳಿದೆ.

"ಇನ್ಮೇಲೆ ಬರ್ಬೇಡಿ ಅಂದ್ರು."

ದೊಡ್ಡಪ್ಪ ತುತ್ತನ್ನು ತಟ್ಟೆಗೆ ಇಳಿಸಿದರು. ಕೈ ತೊಳೆದುಕೊಂಡು, ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಹಿಂಬಾಗಿಲಿನಿಂದ ಅಜ್ಜಿಯ ಉಸಿರು ಕೇಳಿಸಿತು.

ಮಾರನೆಯ ದಿನ ಸರಳಿನ ಸದ್ದಿರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ವಾರ ಕಳೆದ ಮೇಲೆ ಅಮ್ಮ ಹೆದರುತ್ತಲೇ ಬೀಗ ತೆಗೆದಳು. ದೊಡ್ಡಪ್ಪ ಅಲುಗಲಿಲ್ಲ. ಅಣ್ಣ ಈಗ ಸುಧಾರಿಸಿದ, ತಲೆಯಿಂದ ಅದು ಇಳಿದುಹೋಯ್ತು ಎಂದು ಅಪ್ಪ ನಯಾಜ್ ಅಂಕಲ್‌ಗೆ ಹೇಳಿದರು. ಮನೆಯವರೆಲ್ಲ ಎಷ್ಟೋ ದಿನಗಳ ಮೇಲೆ ಒಟ್ಟಿಗೆ ಕೂತು ಉಂಡರು. ಕಥೆ ಓದು ಎಂದು ಅವರು ಮತ್ತೆ ಕೇಳಲಿಲ್ಲ. ಕೊಟ್ಟರೆ ಉಣ್ಣುವರು, ಕೊಡದಿದ್ದರೆ ಇಲ್ಲ. ಒಂದು ಬೆಳಗ್ಗೆ, ಚಳಿ ಬಿಟ್ಟು ಒಳ್ಳೆಯ ಬಿಸಿಲು ಬಿದ್ದಿದ್ದಾಗ, ನಾನು ಗ್ರಿಲ್ ಬಾಗಿಲನ್ನು ಪೂರ್ತಿ ತೆರೆದು, ವಾಕರನ್ನು ಅವರ ಮಂಚದ ಪಕ್ಕಕ್ಕೆ ತಂದು ನಿಲ್ಲಿಸಿದೆ.

"ಬಾಗ್ಲು ತೆಗ್ದಿದೀನಿ ದೊಡ್ಡಪ್ಪ. ಬಿಸಿಲು ಚೆನ್ನಾಗಿದೆ, ಆಚೆ ಬನ್ನಿ."

ಅವರು ನಿಧಾನವಾಗಿ ತಲೆ ತಿರುಗಿಸಿ ಬಾಗಿಲನ್ನು ನೋಡಿದರು, ಆಮೇಲೆ ನನ್ನನ್ನು.

"ಎಲ್ಲಿಗಮ್ಮಾ?" ಎಂದರು.